ಕೊಸರು, ಬಕ್ಷೀಸು, ಮಾಮೂಲು

ಚಿಂತಾಮಣಿಯ ಸಹೋದರಿಯೊಬ್ಬರು ಎರಡು ಪುಟಗಳ ಪತ್ರ ಬರೆದಿದ್ದಾರೆ. ಅವರ ಮನೆಗೆ ಗ್ಯಾಸ್ ಸಿಲಿಂಡರ್ ತರುವಾತ ಪ್ರತಿ ಸಲವೂ ಬಿಲ್ಲಿಗಿಂತ ಹೆಚ್ಚು ಕೇಳುತ್ತಾನಂತೆ. ಮೊದಲು 20 ರೂಪಾಯಿ ಇದ್ದದ್ದು 30 ಆಗಿ, ಈಗ 50ಕ್ಕೆ ಬಂದು ನಿಂತಿದೆ. ಒಮ್ಮೆ ಕೊಡದೆ ಕಳುಹಿಸಿದ್ದಕ್ಕೆ ಮುಂದಿನ ಸಲ ಮನೆಗೆ ಬೀಗ ಹಾಕಿತ್ತೆಂದು ಹೇಳಿ ಸಿಲಿಂಡರನ್ನು ವಾಪಸು ಒಯ್ದನಂತೆ. ಇದು ಪತ್ರದ ಮೊದಲ ಪುಟ. ಎರಡನೆಯ ಪುಟದಲ್ಲಿ ಅವರ ಮಗನ ವಿಷಯವಿದೆ. ಆತ ಬೆಂಗಳೂರಿನಲ್ಲಿ ಬೈಕಿನ ಮೇಲೆ ಮನೆ ಮನೆಗೆ ಊಟ ತಲುಪಿಸುವ ಕೆಲಸದಲ್ಲಿದ್ದಾನೆ. ಮಳೆಯಲ್ಲಿ ನೆನೆದುಕೊಂಡು ನಾಲ್ಕನೆಯ ಮಹಡಿ ಹತ್ತಿದರೂ ಕೈಗೆ 10 ರೂಪಾಯಿ ಇಡುವವರು ಅಪರೂಪ ಎಂದು ಮಗ ಫೋನಿನಲ್ಲಿ ಹೇಳಿದಾಗ ತಾಯಿಯ ಕರುಳು ಚುರುಕ್ ಎನ್ನುತ್ತದೆ. ಗ್ಯಾಸಿನವನು ಕೇಳುವುದು ತಪ್ಪಾದರೆ, ನನ್ನ ಮಗ ನಿರೀಕ್ಷಿಸುವುದು ಹೇಗೆ ಸರಿ? ಮಗನದು ಸರಿಯಾದರೆ ಗ್ಯಾಸಿನವನದು ಹೇಗೆ ತಪ್ಪು? ಇದು ಅವರ ಪ್ರಶ್ನೆ.

ಒಂದೇ ಮನೆಯೊಳಗೆ ಕೊಡುವವರೂ ಪಡೆಯುವವರೂ ಇರುವಾಗ ಹುಟ್ಟುವ ಪ್ರಶ್ನೆ ಇದು. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಕುಳಿತವರಿಗೆ ಇದು ಅಷ್ಟಾಗಿ ಹೊಳೆಯಲಿಕ್ಕಿಲ್ಲ. ಆದರೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳಲ್ಲಿ ಬಾಗಿಲ ಒಳಗೆ ನಿಂತವರ ಮಗನೋ ತಮ್ಮನೋ ಇನ್ನೊಬ್ಬರ ಬಾಗಿಲ ಹೊರಗೆ ನಿಂತಿರುವುದು ಸಾಮಾನ್ಯ. ಬೆಂಗಳೂರು ಇಲ್ಲಿಗೆ ಅರುವತ್ತು ಎಪ್ಪತ್ತು ಕಿಲೋಮೀಟರು. ಬೆಳಗಿನ ರೈಲಿನಲ್ಲಿ, ಬಸ್ಸಿನಲ್ಲಿ ಹೋದ ಹುಡುಗರಲ್ಲಿ ಎಷ್ಟು ಮಂದಿ ಬೆನ್ನಿಗೆ ಆ ಚೌಕದ ಚೀಲ ಕಟ್ಟಿಕೊಂಡಿದ್ದಾರೆಂದು ಯಾರೂ ಲೆಕ್ಕ ಇಟ್ಟಿಲ್ಲ. ಶಿಡ್ಲಘಟ್ಟದ ರೀಲಿಂಗ್ ಮನೆಗಳವರಿಗೆ ಇನ್ನೊಂದು ಸಂಗತಿ ನೆನಪಿರಬಹುದು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು ಊರೇ ಬೀದಿಗೆ ಬಂದಿತ್ತು. 2013ರಲ್ಲಿ ಸುಂಕ ಮತ್ತೆ 15ಕ್ಕೆ ಏರಿತು. ಅಷ್ಟರಲ್ಲಿ ಚರಕ ಬಿಟ್ಟು ಬೇರೆ ದಾರಿ ಹಿಡಿದವರ ಮನೆಯ ಮಕ್ಕಳು ಈಗ ದುಡಿಯುವ ವಯಸ್ಸಿನಲ್ಲಿದ್ದಾರೆ.

ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ನಮ್ಮ ಮಾತನ್ನೇ ಸ್ವಲ್ಪ ನೋಡೋಣ. ಸಂತೆಯಲ್ಲಿ ಸೊಪ್ಪಿನವಳು ವ್ಯಾಪಾರ ಮುಗಿದ ಮೇಲೆ ಒಂದು ಹಿಡಿ ಕೊತ್ತಂಬರಿಯನ್ನೋ ನಾಲ್ಕು ಹಸಿಮೆಣಸಿನಕಾಯಿಯನ್ನೋ ಚೀಲಕ್ಕೆ ಹಾಕುತ್ತಾಳಲ್ಲ, ಅದು ಕೊಸರು. ಮಾರುವವರು ಕೊಳ್ಳುವವರಿಗೆ ಕೊಡುವುದು. ಅದನ್ನೇ ತಿರುಗಿಸಿ ಕೊಳ್ಳುವವರು ದುಡಿದವರಿಗೆ ಕೊಟ್ಟರೆ ಬಕ್ಷೀಸು. ಇದು ಫಾರಸಿಯಿಂದ ಬಂದ ಪದ. ಉರ್ದು ಆಡುವ ಮನೆಗಳಲ್ಲಿ ಎಲ್ಲರಿಗೂ ಗೊತ್ತು, ಬಖ್ಷ್ ಎಂದರೆ ಕೊಡುವುದೂ ಹೌದು, ಕ್ಷಮಿಸುವುದೂ ಹೌದು. ಎರಡೂ ದೊಡ್ಡ ಮನಸ್ಸಿನ ಕೆಲಸಗಳೇ. ಮೂರನೆಯ ಪದ ಮಾಮೂಲು. ಅರಬ್ಬಿಯ ಅಮಲ್ ಎಂಬ ಮೂಲದಿಂದ ಬಂದ ಈ ಪದಕ್ಕೆ ರೂಢಿಯಲ್ಲಿರುವುದು ಎಂದಷ್ಟೇ ಅರ್ಥ. ಪಾಪದ ಪದವೇನಲ್ಲ. ನಮ್ಮ ಕಚೇರಿಗಳ ಜಗಲಿ ಹತ್ತಿದ ಮೇಲೆ ಅದಕ್ಕೆ ಬೇರೆ ಬಣ್ಣ ಬಂತು.

ಬಕ್ಷೀಸು ಯಾವುದು, ಮಾಮೂಲು ಯಾವುದು ಎಂದು ಹೇಗೆ ತಿಳಿಯುವುದು? ಕೊಡದಿದ್ದರೆ ಏನಾಗುತ್ತದೆ ಎಂದು ಕೇಳಿಕೊಳ್ಳಿ. ಏನೂ ಆಗುವುದಿಲ್ಲವಾದರೆ ಅದು ಬಕ್ಷೀಸು. ಮುಂದಿನ ಸಲ ಸಿಲಿಂಡರ್ ಬರುವುದಿಲ್ಲ ಎಂದಾದರೆ ಅದು ಮಾಮೂಲು. ಚಿಂತಾಮಣಿಯ ಸಹೋದರಿಯ ಮನೆ ಬಾಗಿಲಲ್ಲಿ ನಡೆಯುತ್ತಿರುವುದು ಎರಡನೆಯದು. ಅವರ ಮಗನಿಗೆ ಸಿಗದಿರುವುದು ಮೊದಲನೆಯದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ನೋಟು, ಒಂದೇ ಕೈ.

ಗ್ಯಾಸಿನ ವಿಷಯವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಎಲ್ಲ ಮನೆಗಳಿಗೂ ತಗಲುವ ಹೋಮ್ ಡೆಲಿವರಿ ಅದೊಂದೇ. ಆ್ಯಪ್ ಬಳಸದ ಅಜ್ಜಿಯ ಮನೆಗೂ ಸಿಲಿಂಡರ್ ಬರಲೇಬೇಕು. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋ ಅನಿಲವಿರುತ್ತದೆ. ಖಾಲಿ ಸಿಲಿಂಡರಿನ ತೂಕವೇ 15 ಕಿಲೋ ದಾಟುತ್ತದೆ. ಎರಡೂ ಸೇರಿ 30 ಕಿಲೋದಷ್ಟನ್ನು ಹೆಗಲಿಗೇರಿಸಿ ಒಬ್ಬ ಮನುಷ್ಯ ದಿನವಿಡೀ ಮನೆಗಳ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಇದು ಹಗುರ ಕೆಲಸವೆಂದು ಯಾರೂ ಹೇಳಲಾರರು.

ಆದರೆ ಈ ಕೆಲಸಕ್ಕೆ ನಾವು ಈಗಾಗಲೇ ದುಡ್ಡು ಕೊಟ್ಟಿರುತ್ತೇವೆ. ಬಿಲ್ಲಿನಲ್ಲಿ ಮುದ್ರಿಸಿದ ಬೆಲೆಯೊಳಗೆ ಏಜೆನ್ಸಿಯ ಕಮಿಷನ್ ಸೇರಿದೆ, ಆ ಕಮಿಷನ್ನಿನಲ್ಲಿ ಮನೆಗೆ ತಲುಪಿಸುವ ಖರ್ಚು ಎಂದೇ ಒಂದು ಭಾಗವಿದೆ. 2019ರಲ್ಲಿ ಕಮಿಷನ್ ಪರಿಷ್ಕರಿಸಿದಾಗ ಆ ಭಾಗ ಸಿಲಿಂಡರಿಗೆ 27 ರೂಪಾಯಿ 60 ಪೈಸೆ ಇತ್ತು. ಆಮೇಲೂ ಏರಿದೆ. ನೀವೇ ಗೋದಾಮಿಗೆ ಹೋಗಿ ಸಿಲಿಂಡರ್ ತಂದುಕೊಂಡರೆ ಆ ಮೊತ್ತವನ್ನು ಬಿಲ್ಲಿನಲ್ಲಿ ಕಳೆದು ಕೊಡಬೇಕೆಂಬ ನಿಯಮವೂ ಇದೆ. ಎಷ್ಟು ಮಂದಿ ಕೇಳಿ ಪಡೆದಿದ್ದಾರೋ! ಏಜೆನ್ಸಿಯ ನಿಗದಿತ ವ್ಯಾಪ್ತಿಯೊಳಗೆ ಮನೆ ಬಾಗಿಲಿಗೆ ತಂದುಕೊಡುವುದಕ್ಕೆ ಬಿಲ್ಲಿನ ಮೇಲೆ ಒಂದು ಪೈಸೆಯನ್ನೂ ಹೆಚ್ಚು ಕೇಳುವಂತಿಲ್ಲ. ವ್ಯಾಪ್ತಿಯ ಆಚೆಯ ಹಳ್ಳಿಗಳಿಗೆ ಸಾಗಣೆ ವೆಚ್ಚ ಇದ್ದರೆ ಅದೂ ಬಿಲ್ಲಿನಲ್ಲಿ ಕಾಣಬೇಕು, ಬಾಯಿಮಾತಿನಲ್ಲಿ ಅಲ್ಲ. ನಿಮ್ಮ ಮುಂದೆ ತೂಕ ಮಾಡಿ ತೋರಿಸೆಂದು ಕೇಳುವ ಹಕ್ಕೂ ನಿಮಗಿದೆ.

ಹಾಗಾದರೆ ಆತ ಏಕೆ ಕೇಳುತ್ತಾನೆ? ದುರಾಸೆಯಿಂದ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಗೌರಿಬಿದನೂರಿನ ಕಡೆ ಆಟೋದಲ್ಲಿ ಸಿಲಿಂಡರ್ ಹಂಚುವ ಒಬ್ಬಾತನನ್ನು ಈಚೆಗೆ ವಿಚಾರಿಸಿದೆ. ಏಜೆನ್ಸಿಯಿಂದ ಎಷ್ಟು ಸಿಗುತ್ತದೆ ಎಂದಾಗ ಆತ ನಕ್ಕ. ತಿಂಗಳ ಸಂಬಳವೆಂದು ಇಲ್ಲವಂತೆ. ಸಿಲಿಂಡರಿಗೆ ಇಷ್ಟು ಎಂದು ಕೊಡುವುದು ಆಟೋದ ಡೀಸೆಲ್ಲಿಗೆ ಸರಿಹೋಗುತ್ತದಂತೆ. ಉಳಿದದ್ದು ಮನೆಯವರು ಕೊಡುವುದೇ. ಎಲ್ಲ ಕಡೆಯೂ ಹೀಗೇ ಇದೆಯೆಂದು ನಾನು ಹೇಳುವುದಿಲ್ಲ, ಸರಿಯಾಗಿ ಸಂಬಳ ಕೊಡುವ ಏಜೆನ್ಸಿಗಳೂ ಇದ್ದಾವು. ಆದರೆ ಇಂಥ ಕಡೆ ಲೆಕ್ಕ ಸ್ಪಷ್ಟ. ತಲುಪಿಸುವ ಖರ್ಚನ್ನು ನಾವು ಬಿಲ್ಲಿನಲ್ಲಿ ಒಮ್ಮೆ ಕೊಡುತ್ತೇವೆ, ಬಾಗಿಲಲ್ಲಿ ಇನ್ನೊಮ್ಮೆ ಕೊಡುತ್ತೇವೆ. ಮೊದಲನೆಯದು ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ, ಏಕೆಂದರೆ ನಾವು ಬಾಗಿಲಲ್ಲಿ ನಿಂತು ಬಡವನೊಬ್ಬನ ಜೊತೆ 20 ರೂಪಾಯಿಗೆ ಜಗಳವಾಡುವುದರಲ್ಲಿ ಮುಳುಗಿರುತ್ತೇವೆ. ಏಜೆನ್ಸಿಯ ಮಾಲೀಕರು ತಂಪಾಗಿ ಕುಳಿತಿರುತ್ತಾರೆ.

ಪ್ರವಾದಿಯವರ (ಸ) ಕಾಲದ ಒಂದು ಘಟನೆ ಇಲ್ಲಿ ನೆನಪಾಗುತ್ತದೆ. ಝಕಾತ್ ಸಂಗ್ರಹಕ್ಕೆ ಹೋಗಿದ್ದವರೊಬ್ಬರು ಮರಳಿ ಬಂದು, ಇದು ನಿಮ್ಮದು, ಇದು ಜನ ನನಗೆ ಕೊಟ್ಟ ಉಡುಗೊರೆ ಎಂದು ಎರಡು ರಾಶಿ ಮಾಡಿ ಇಟ್ಟರು. ಆತ ತಂದೆತಾಯಿಯ ಮನೆಯಲ್ಲೇ ಕುಳಿತಿದ್ದರೆ ಈ ಉಡುಗೊರೆ ಬರುತ್ತಿತ್ತೇ ಎಂದು ಪ್ರವಾದಿಯವರು ಎಲ್ಲರೆದುರು ಪ್ರಶ್ನಿಸಿದರೆಂದು ಬುಖಾರಿಯಲ್ಲಿದೆ. ಈ ಘಟನೆಯನ್ನು ನಾವು ಸಾಮಾನ್ಯವಾಗಿ ದೊಡ್ಡ ಅಧಿಕಾರಿಗಳ ಲಂಚದ ಬಗ್ಗೆ ಮಾತನಾಡುವಾಗ ಹೇಳುತ್ತೇವೆ. ಆದರೆ ಹುದ್ದೆಯ ಬಲದಿಂದ ಬರುವ ಉಡುಗೊರೆ ಚಿಕ್ಕದಾದರೂ ಅದರ ಜಾತಿ ಅದೇ. ಕೊಡುವ ನಮಗೂ ಅದರಲ್ಲಿ ಪಾಲಿದೆ. ಹೆಚ್ಚು ಕೊಟ್ಟ ಮನೆಗೆ ಸಿಲಿಂಡರ್ ಮೊದಲು, ಕೊಡಲಾಗದ ವಿಧವೆಯ ಮನೆಗೆ ನಾಲ್ಕು ದಿನ ತಡ ಎಂದಾಗುವುದು ನಮ್ಮ ಧಾರಾಳತನದಿಂದಲೇ ಅಲ್ಲವೇ?

ಆದುದರಿಂದ ಚಿಂತಾಮಣಿಯ ಸಹೋದರಿಗೆ ನನ್ನ ಸಲಹೆ ಹೀಗೆ. ಕೇಳಿದ ಐವತ್ತನ್ನು ಕೊಡಬೇಡಿ. ಬಿಲ್ಲಿನ ಹಣವನ್ನು ಬುಕ್ ಮಾಡುವಾಗಲೇ ಫೋನಿನಲ್ಲಿ ಪಾವತಿಸಿಬಿಡಿ. ಆಗ ಬಾಗಿಲಲ್ಲಿ ಚಿಲ್ಲರೆಯ ಮಾತೇ ಬರುವುದಿಲ್ಲ. ಸಿಲಿಂಡರ್ ಕೈಗೆ ಬಂದ ಮೇಲಷ್ಟೇ ಮೊಬೈಲಿಗೆ ಬಂದ ಕೋಡ್ ಹೇಳಿ. ಮನೆಗೆ ಬೀಗವಿತ್ತೆಂದು ಸುಳ್ಳು ಬರೆಸಿದರೆ 1800-2333-555ಕ್ಕೆ ಕರೆ ಮಾಡಿ ದೂರು ಕೊಡಿ, ಅದಕ್ಕೆ ದುಡ್ಡಿಲ್ಲ. ದೂರು ಕೊಡುವಾಗ ಹುಡುಗನ ಮೇಲಲ್ಲ, ಏಜೆನ್ಸಿಯ ಮೇಲೆ ಕೊಡಿ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಕೊಟ್ಟರೆ ಇನ್ನೂ ಒಳ್ಳೆಯದು. ಇಷ್ಟೆಲ್ಲ ಆದ ಮೇಲೆ, ಆತ ಎರಡನೆಯ ಮಹಡಿಯವರೆಗೆ ಹೊತ್ತು ತಂದು, ರೆಗ್ಯುಲೇಟರ್ ಹಾಕಿ, ಸೋರುತ್ತಿಲ್ಲವೆಂದು ನೋಡಿಕೊಟ್ಟು, ಏನೂ ಕೇಳದೆ ಹೊರಟರೆ ಹಿಂದಿನಿಂದ ಕರೆದು 20 ರೂಪಾಯಿ ಕೊಡಿ. ಮೊತ್ತ ಚಿಕ್ಕದಾಯಿತೆಂದು ಅನ್ನಿಸಬಹುದು. ಅದು ನೀವಾಗಿಯೇ ಕೊಟ್ಟದ್ದು, ಅಷ್ಟು ಸಾಕು.

ನೀರಿನ ಕ್ಯಾನಿನ ಕತೆ ಇದಕ್ಕಿಂತ ಸರಳ. ಫ್ಲೋರೈಡಿನ ಬೋರ್‌ವೆಲ್ ನೀರು ಕುಡಿದು ಹಲ್ಲು ಹಳದಿಯಾದ ಈ ಜಿಲ್ಲೆಯಲ್ಲಿ 20 ಲೀಟರಿನ ಕ್ಯಾನ್ ಎಂದರೆ ಅಕ್ಕಿ ಬೇಳೆಯಷ್ಟೇ ಅಗತ್ಯ. ಶುದ್ಧ ನೀರಿನ ಘಟಕದಿಂದ ನಾವೇ ತಂದರೆ ಒಂದು ಬೆಲೆ, ಮನೆಗೆ ತರಿಸಿದರೆ ಇನ್ನೊಂದು. ಆ ವ್ಯತ್ಯಾಸವೇ ತರುವವನ ಕೂಲಿ. ಮೆಟ್ಟಿಲು ಹತ್ತಬೇಕಾದ ಮನೆಯವರು ಮಾಲೀಕನೊಡನೆ ಮೊದಲೇ ಮಾತನಾಡಿ ಕ್ಯಾನಿಗೆ 5 ರೂಪಾಯಿ ಹೆಚ್ಚು ಎಂದು ಗೊತ್ತು ಮಾಡಿಕೊಳ್ಳಲಿ, ಅದು ಹುಡುಗನ ಕೈಗೇ ಹೋಗಲಿ. ಇದು ಬಕ್ಷೀಸಲ್ಲ, ಕೂಲಿ. ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ, ತಿಂಗಳ ಕೊನೆಗೆ ಒಟ್ಟಿಗೆ ಲೆಕ್ಕ ಮಾಡೋಣ ಎಂದು ಕ್ಯಾನಿನ ಹುಡುಗನಿಗೆ ಹೇಳುತ್ತೇವೆ.

ಈಗ ಪತ್ರದ ಎರಡನೆಯ ಪುಟಕ್ಕೆ ಬರೋಣ.

ಊಟ, ದಿನಸಿ ತರುವ ಹುಡುಗರಿಗೆ ನಿಜಕ್ಕೂ ಎಷ್ಟು ಬಕ್ಷೀಸು ಸಿಗುತ್ತದೆ? ಜೊಮ್ಯಾಟೊ ಸಂಸ್ಥಾಪಕ ದೀಪಿಂದರ್ ಗೋಯಲ್ ಅವರೇ 2026ರ ಜನವರಿಯಲ್ಲಿ ಒಂದು ಲೆಕ್ಕ ಹೊರಗಿಟ್ಟರು. ಅವರ ಪ್ರಕಾರ ನೂರು ಆರ್ಡರುಗಳಲ್ಲಿ ಸುಮಾರು ಐದಕ್ಕೆ ಮಾತ್ರ ಗ್ರಾಹಕರು ಟಿಪ್ಸ್ ಕೊಡುತ್ತಾರೆ. ದಿನಸಿ ತಲುಪಿಸುವ ಬ್ಲಿಂಕಿಟ್‌ನಲ್ಲಿ ಎರಡೂವರೆಗೆ. 2025ರಲ್ಲಿ ಜೊಮ್ಯಾಟೊದ ಹುಡುಗರ ಸರಾಸರಿ ಗಳಿಕೆ ಗಂಟೆಗೆ 102 ರೂಪಾಯಿ, ಟಿಪ್ಸ್ ಗಂಟೆಗೆ 2 ರೂಪಾಯಿ 60 ಪೈಸೆ. ಅಂದರೆ ಹತ್ತು ಗಂಟೆ ಓಡಿದರೆ ದಿನಕ್ಕೆ 26 ರೂಪಾಯಿ, ಎರಡು ಚಹಾಕ್ಕೆ ಆದೀತು. 102 ರೂಪಾಯಿಯೂ ಪೂರ್ತಿ ಕೈಗೆ ಬರುವುದಲ್ಲ, ಪೆಟ್ರೋಲು, ಬೈಕಿನ ರಿಪೇರಿ ಅದರಲ್ಲೇ ಹೋಗಬೇಕು. ಕಾರ್ಮಿಕ ಸಂಘಟನೆಗಳು ಈ ಲೆಕ್ಕವನ್ನು ಒಪ್ಪುವುದಿಲ್ಲ, ನಿಜವಾದ ಗಳಿಕೆ ಇನ್ನೂ ಕಡಿಮೆ ಎನ್ನುತ್ತವೆ. ಕಂಪೆನಿಯ ಲೆಕ್ಕವನ್ನೇ ನಂಬಿದರೂ ಪತ್ರ ಬರೆದ ತಾಯಿಯ ಮಾತು ಸುಳ್ಳಲ್ಲ.

ಹಾಗೆಂದು ನಾವೆಲ್ಲ 20, 30 ರೂಪಾಯಿ ಕೊಡಲು ತೊಡಗಿದರೆ ಆ ಹುಡುಗರ ಕಷ್ಟ ತೀರುತ್ತದೆಯೇ? ಇಲ್ಲಿ ಅಮೆರಿಕದ ಅನುಭವ ನೋಡಬೇಕು. ಬಕ್ಷೀಸು ಕೊಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಅಲ್ಲಿ ಟಿಪ್ಸ್ ಪಡೆಯುವ ಹೋಟೆಲ್ ಕೆಲಸಗಾರರಿಗೆ ಮಾಲೀಕ ಕೊಡಬೇಕಾದ ಕನಿಷ್ಠ ಕೂಲಿ, ಕೇಂದ್ರ ಕಾನೂನಿನ ಪ್ರಕಾರ, ಗಂಟೆಗೆ 2 ಡಾಲರ್ 13 ಸೆಂಟ್. 1991ರಿಂದ ಅದು ಒಂದು ಸೆಂಟೂ ಏರಿಲ್ಲ. ಉಳಿದದ್ದನ್ನು ಗಿರಾಕಿ ಕೊಡುತ್ತಾನಲ್ಲ! ಊಟ ತಲುಪಿಸುವ ಡೋರ್‌ಡ್ಯಾಶ್ ಎಂಬ ಕಂಪೆನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಒಂದು ಡೆಲಿವರಿಗೆ ಇಷ್ಟು ಎಂದು ಕೆಲಸಗಾರನಿಗೆ ಖಾತರಿ ಕೊಟ್ಟು, ಗಿರಾಕಿ ಕೊಟ್ಟ ಟಿಪ್ಸನ್ನು ಆ ಖಾತರಿಯ ಹಣಕ್ಕೇ ಜಮಾ ಮಾಡಿಕೊಳ್ಳುತ್ತಿತ್ತು. ಗಿರಾಕಿ ಹೆಚ್ಚು ಕೊಟ್ಟಷ್ಟೂ ಕಂಪೆನಿಗೆ ಉಳಿತಾಯ. 2017ರಿಂದ 2019ರವರೆಗೆ ನಡೆದ ಈ ವ್ಯವಹಾರಕ್ಕಾಗಿ 2025ರ ಫೆಬ್ರವರಿಯಲ್ಲಿ ಆ ಕಂಪೆನಿ ನ್ಯೂಯಾರ್ಕ್ ರಾಜ್ಯದಲ್ಲಿ 1 ಕೋಟಿ 67 ಲಕ್ಷ 50 ಸಾವಿರ ಡಾಲರ್ ಕೊಡಲು ಒಪ್ಪಬೇಕಾಯಿತು. ಅಮೆಜಾನ್ ಕೂಡ ತನ್ನ ಡ್ರೈವರುಗಳಿಗೆ ಸೇರಬೇಕಾದ ಟಿಪ್ಸ್ ಉಳಿಸಿಕೊಂಡದ್ದಕ್ಕೆ 2021ರಲ್ಲಿ 6 ಕೋಟಿ 17 ಲಕ್ಷ ಡಾಲರ್ ಹಿಂದಿರುಗಿಸಬೇಕಾಗಿ ಬಂತು.

ನೋಡಿ, ಅಲ್ಲಿ ಬಕ್ಷೀಸು ಹೆಚ್ಚಾಗುತ್ತಾ ಹೋದಂತೆ ಕೂಲಿ ಕೊಡಬೇಕಾದವನು ಕೈ ಹಿಂದಕ್ಕೆ ಎಳೆದುಕೊಂಡ. ನಮ್ಮ ಗ್ಯಾಸ್ ಏಜೆನ್ಸಿಯ ಕತೆಯೂ ಇದೇ, ಇಂಗ್ಲಿಷ್ ಬೋರ್ಡ್ ಇಲ್ಲ ಅಷ್ಟೆ. ನಮ್ಮ ದೇಶದಲ್ಲೂ ಆ ಗಾಳಿ ಬೀಸತೊಡಗಿದೆ. ಗಾಡಿ ಬೇಗ ಬರಬೇಕಿದ್ದರೆ ಮುಂಗಡವಾಗಿ ಟಿಪ್ಸ್ ಹಾಕಿ ಎಂದು ಆ್ಯಪ್‌ಗಳು ಕೇಳಲು ಶುರುಮಾಡಿದವು. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಈ ಬಗ್ಗೆ ಉಬರ್‌ಗೆ ನೋಟಿಸು ಕೊಟ್ಟಿತು. ಸೇವೆ ಆಗುವ ಮೊದಲೇ ಕೊಡುವುದು ಮೆಚ್ಚುಗೆಯಾಗಲು ಹೇಗೆ ಸಾಧ್ಯ? ಅದು ಹರಾಜು. ಹೋಟೆಲುಗಳು ಬಿಲ್ಲಿಗೆ ತಾವಾಗಿಯೇ ಸೇರಿಸುವ ಸರ್ವಿಸ್ ಚಾರ್ಜ್ ಕಡ್ಡಾಯವಲ್ಲವೆಂದು ಅದೇ ಪ್ರಾಧಿಕಾರ 2022ರಲ್ಲಿ ಹೇಳಿತ್ತು, ದಿಲ್ಲಿ ಹೈಕೋರ್ಟು 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಅಂದರೆ ಕಾನೂನಿನ ಕಣ್ಣಿನಲ್ಲೂ ಬಕ್ಷೀಸು ಎಂಬುದು ಕೊಡುವವನ ಇಷ್ಟ.

ಕೂಲಿಯ ಪ್ರಶ್ನೆಗೆ ಉತ್ತರ ಬೇರೆ ಕಡೆಯಿಂದ ಬರಬೇಕು. 2025ರ ಡಿಸೆಂಬರ್ 25 ಮತ್ತು 31ರಂದು ದೇಶದ ಹಲವು ಊರುಗಳ ಡೆಲಿವರಿ ಹುಡುಗರು ಆ್ಯಪ್ ಬಂದ್ ಮಾಡಿ ಮುಷ್ಕರ ಹೂಡಿದಾಗ ಕೇಳಿದ್ದು ಟಿಪ್ಸನ್ನಲ್ಲ, ನ್ಯಾಯವಾದ ದರವನ್ನು, ಹತ್ತು ನಿಮಿಷದ ಗಡುವಿನಿಂದ ಬಿಡುಗಡೆಯನ್ನು. ನಮ್ಮ ರಾಜ್ಯ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕೆಂದೇ ಒಂದು ಕಾಯ್ದೆ ಮಾಡಿತು. ರಾಜಸ್ಥಾನ 2023ರಲ್ಲಿ ಮಾಡಿದ್ದನ್ನು ಬಿಟ್ಟರೆ ಇಂಥ ಕಾಯ್ದೆಗಳಲ್ಲಿ ಇದು ಮುಂಚಿನದು. ಪ್ರತಿ ವ್ಯವಹಾರದಲ್ಲಿ ಕೆಲಸಗಾರನಿಗೆ ಕೊಡುವ ಮೊತ್ತದ ಮೇಲೆ ಶೇಕಡ 1ರಿಂದ 5ರೊಳಗೆ ಕಂಪೆನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಕಾರಣ ತಿಳಿಸದೆ, 14 ದಿನಗಳ ನೋಟಿಸು ಕೊಡದೆ ಹುಡುಗನನ್ನು ಕೆಲಸದಿಂದ ತೆಗೆಯುವಂತಿಲ್ಲ. ಅದಕ್ಕೂ ಮೊದಲು 2023ರಲ್ಲೇ ಸರ್ಕಾರ ಇವರಿಗಾಗಿ ಅಪಘಾತ ಮತ್ತು ಜೀವ ವಿಮೆ ಸೇರಿ 4 ಲಕ್ಷ ರೂಪಾಯಿಯ ಯೋಜನೆ ಪ್ರಕಟಿಸಿತ್ತು. ಹೆಸರು ನೋಂದಾಯಿಸಿಕೊಂಡವರಿಗೆ ಮಾತ್ರ ಅದು. ಮಗ ನೋಂದಾಯಿಸಿಕೊಂಡಿದ್ದಾನೆಯೇ ಎಂದು ಆ ತಾಯಿ ಇಂದೇ ವಿಚಾರಿಸಬೇಕು. ನೀತಿ ಆಯೋಗ 2022ರಲ್ಲಿ ಹೇಳಿದಂತೆ ದೇಶದಲ್ಲಿ ಇಂಥ ಕೆಲಸದಲ್ಲಿದ್ದವರು 2020-21ರಲ್ಲಿ 77 ಲಕ್ಷ, 2029-30ರ ಹೊತ್ತಿಗೆ 2 ಕೋಟಿ 35 ಲಕ್ಷವಾದಾರು. ಅಷ್ಟು ಜನರನ್ನು ನಮ್ಮ ಪುಡಿ ನೋಟುಗಳು ಸಾಕಲಾರವು.

ಇಷ್ಟು ಹೇಳಿದ ಮೇಲೆ, ಹಾಗಾದರೆ ಏನೂ ಕೊಡಬೇಕಿಲ್ಲ, ಸರ್ಕಾರ ನೋಡಿಕೊಳ್ಳಲಿ ಎಂದು ಯಾರಾದರೂ ಬಾಗಿಲು ಹಾಕಿಕೊಂಡರೆ ಅದೂ ನನಗೆ ಒಪ್ಪಿಗೆಯಿಲ್ಲ. ಊಟ ತಂದ ಸೇವಕನನ್ನು ಜೊತೆಯಲ್ಲಿ ಕೂರಿಸಿಕೊಳ್ಳದಿದ್ದರೂ ಒಂದೆರಡು ತುತ್ತನ್ನಾದರೂ ಅವನ ಕೈಗಿಡಬೇಕು, ಅದರ ಬಿಸಿಯನ್ನೂ ಶ್ರಮವನ್ನೂ ತಾಳಿಕೊಂಡವನು ಅವನೇ ಎಂಬ ಅರ್ಥದ ಪ್ರವಾದಿವಚನವಿದೆ. ಈ ವಿಷಯದಲ್ಲಿ ಇದಕ್ಕಿಂತ ನೇರವಾದ ಮಾತು ಬೇರೆ ಸಿಗಲಿಕ್ಕಿಲ್ಲ. ಕೂಲಿಯನ್ನು ಯಾರು ಕೊಡಬೇಕೋ ಅವರು ಕೊಡಲಿ, ಬಾಗಿಲಿಗೆ ಊಟ ತಂದವನ ಜೊತೆ ನಮಗೆ ಬೇರೆಯೇ ಒಂದು ಋಣವಿದೆ.

ರಮಝಾನಿನ ಸಂಜೆಗಳಲ್ಲಿ ಇದು ಎದ್ದು ಕಾಣುತ್ತದೆ. ಇಫ್ತಾರಿಗೆ ಸಮೋಸ, ಹಲೀಮ್, ಬಿರಿಯಾನಿ ತರಿಸುವ ಅಭ್ಯಾಸ ಈಗ ನಮ್ಮ ಸಣ್ಣ ಊರುಗಳಿಗೂ ಬಂದಿದೆ. ಎಲ್ಲರೂ ಮಗ್ರಿಬ್‌ಗೆ ಹದಿನೈದು ನಿಮಿಷ ಮೊದಲೇ ಬರಲೆಂದು ಆರ್ಡರ್ ಮಾಡುತ್ತಾರೆ. ತರುವ ಹುಡುಗ ಅನೇಕ ಸಲ ನಮ್ಮವನೇ, ಉಪವಾಸವಿದ್ದವನೇ. ನಮ್ಮ ಮನೆಯ ಗೇಟಿನಲ್ಲಿ ಅವನು ನಿಂತಿರುವಾಗಲೇ ಬಾಂಗ್ ಕೇಳಿಸುತ್ತದೆ. ಆಗ ಆ್ಯಪ್‌ನಲ್ಲಿ 10 ರೂಪಾಯಿ ಒತ್ತುವುದಕ್ಕಿಂತ ಎರಡು ಖರ್ಜೂರ, ಒಂದು ಲೋಟ ಶರಬತ್ತು ಕೊಟ್ಟು, ತಮ್ಮಾ, ಕೂತು ರೋಝಾ ಬಿಡು ಎನ್ನುವುದು ದೊಡ್ಡದು. ಹುಡುಗ ಬೇರೆ ಧರ್ಮದವನಾದರೆ? ಅವನಿಗೂ ಬಾಯಾರಿಕೆ ಇದ್ದೇ ಇರುತ್ತದೆ. ತರಾವೀಹ್ ಮುಗಿಸಿ ಬಂದು ರಾತ್ರಿ ಹನ್ನೊಂದಕ್ಕೆ ಫಾಲೂದ ತರಿಸುವವರು ಮಾತ್ರ ನಗದಾಗಿಯೇ ಕೊಡಲಿ, ಸ್ವಲ್ಪ ಹೆಚ್ಚೇ ಕೊಡಲಿ.

ಎಷ್ಟು ಎಂದು ಕೇಳುವವರಿಗೆ ನನ್ನ ಮನೆಯ ಲೆಕ್ಕ ಹೇಳಬಲ್ಲೆ, ಅದು ಫತ್ವಾ ಅಲ್ಲ. ಊಟ ತಂದವನಿಗೆ 10 ಅಥವಾ 20 ರೂಪಾಯಿ. ಮಳೆ, ನಡುರಾತ್ರಿ, ಹಬ್ಬದ ದಿನವಾದರೆ ಇಮ್ಮಡಿ. ಆ್ಯಪ್‌ನಲ್ಲಿ ಹಾಕಿದ್ದೂ ಪೂರ್ತಿ ಹುಡುಗನಿಗೇ ಹೋಗುತ್ತದೆಂದು ಕಂಪೆನಿಗಳು ಹೇಳುತ್ತವೆ, ಆದರೂ ಕೈಗೆ ಕೊಟ್ಟದ್ದಕ್ಕೆ ಯಾರ ಲೆಕ್ಕಪತ್ರವೂ ಬೇಡ. ಚಿಕ್ಕ ಪಾರ್ಸೆಲ್ ತರುವ ಕೊರಿಯರ್‌ನವರಿಗೆ ನೀರು ಬೇಕೇ ಎಂದು ಕೇಳುತ್ತೇನೆ, ದುಡ್ಡು ಕೊಡುವುದಿಲ್ಲ, ಅವರೂ ನಿರೀಕ್ಷಿಸುವುದಿಲ್ಲ. ವಾಷಿಂಗ್ ಮೆಷಿನ್, ಬೀರುಗಳನ್ನು ಇಬ್ಬರು ಮೂವರು ಸೇರಿ ಮೇಲೆ ಹತ್ತಿಸಿದರೆ ಒಬ್ಬೊಬ್ಬರಿಗೆ 50 ರೂಪಾಯಿ. ಈದ್ ದಿನ ಪೇಪರ್ ಹುಡುಗನಿಗೂ ಹಾಲಿನವನಿಗೂ ಮನೆಯ ಮಕ್ಕಳಿಗೆ ಕೊಟ್ಟಂತೆಯೇ ಈದಿ. ಅದನ್ನು ಝಕಾತಿನ ಲೆಕ್ಕದಲ್ಲಿ ಬರೆಯುವವರನ್ನು ಕಂಡಿದ್ದೇನೆ. ನಮ್ಮ ಕೆಲಸಕ್ಕೆ ಪ್ರತಿಯಾಗಿ ಕೊಟ್ಟದ್ದು ಝಕಾತ್ ಆಗದು, ಎರಡನ್ನೂ ಬೇರೆ ಬೇರೆ ಇಡಬೇಕು.

ಕೊಡಲು ಇಲ್ಲದವರು? ಫಿಲೇಚರಿನಲ್ಲಿ ದಿನವಿಡೀ ಬಿಸಿನೀರಿನ ಬೇಸಿನ್ ಮುಂದೆ ನಿಂತು ನೂಲು ತೆಗೆಯುವ ತಾಯಿ, ಟೊಮ್ಯಾಟೊ ಬಿಡಿಸುವ ಕೂಲಿಯ ಹೆಂಗಸು ಗ್ಯಾಸಿನವನಿಗೆ ಬಕ್ಷೀಸು ಕೊಡಬೇಕೆಂದು ನಾನು ಹೇಳಿದರೆ ಅದು ಅನ್ಯಾಯ. ಅವರ ಕೂಲಿಯ ಮೇಲೆ ಯಾರೂ ಕೊಸರು ಹಾಕುವುದಿಲ್ಲ. ಕೊಡದಿರುವುದಕ್ಕೆ ಅವರು ತಲೆ ತಗ್ಗಿಸಬೇಕಾದ್ದೇನಿಲ್ಲ. ತಲೆ ತಗ್ಗಿಸಬೇಕಾದವರು ಬೇರೆ ಇದ್ದಾರೆ. ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ನಾಲ್ಕು ಜನ ನೋಡುತ್ತಾರೆಂದು 100 ರೂಪಾಯಿ ತಟ್ಟೆಯಲ್ಲಿ ಬಿಟ್ಟು ಬಂದು, ಮರುದಿನ ಬಾಗಿಲಿಗೆ ಹೂವು ತರುವ ಅಜ್ಜಿಯ ಹತ್ತಿರ ಮೊಳಕ್ಕೆ 5 ರೂಪಾಯಿ ಚೌಕಾಸಿ ಮಾಡುವವರು.

ಕೊಡುವ ರೀತಿಯೂ ಒಂದಿದೆ. ಚಿಲ್ಲರೆಯನ್ನು ಅಂಗೈಗೆ ಮೇಲಿನಿಂದ ಬಿಡುವುದು, ಕೊಟ್ಟದ್ದನ್ನು ಮುಂದಿನ ಸಲ ಎತ್ತಿ ಆಡುವುದು, ಮೊನ್ನೆ ಕೊಟ್ಟೆನಲ್ಲ, ಇವತ್ತು ಈ ಕಸದ ಚೀಲ ಕೆಳಗೆ ಒಯ್ದುಬಿಡು ಎನ್ನುವುದು. ಕೊಟ್ಟದ್ದನ್ನು ಹೀಗೆ ಎತ್ತಾಡಿ ನೋಯಿಸಿದರೆ ಕೊಟ್ಟದ್ದೇ ವ್ಯರ್ಥವೆಂದು ಕುರ್‌ಆನ್ ಎಚ್ಚರಿಸುತ್ತದೆ. ಏಯ್ ಹುಡುಗ ಎಂದು ಕರೆದು 20 ರೂಪಾಯಿ ಕೊಡುವವರಿಗಿಂತ, ಬಾಪ್ಪಾ ಎಂದು ಕರೆದು ಏನೂ ಕೊಡದವರು ವಾಸಿ ಎಂದು ಹುಡುಗರೇ ಹೇಳುತ್ತಾರೆ. ಮಕ್ಕಳ ಕೈಯಲ್ಲಿ ಕೊಡಿಸಿದರೆ ಅವರಿಗೂ ಅಭ್ಯಾಸವಾಗುತ್ತದೆ.

ಇನ್ನು ಒಂದೇ ಒಂದು ವಿಷಯ, ಇದಕ್ಕೆ ದುಡ್ಡು ಬೇಡ. ನಮ್ಮ ಊರುಗಳಲ್ಲಿ ವಿಳಾಸ ಬರೆಯುವ ರೀತಿ ನಿಮಗೆ ಗೊತ್ತೇ ಇದೆ. ಜಾಮಿಯಾ ಮಸೀದಿ ಹಿಂದೆ, ಹಳೇ ಫಿಲೇಚರ್ ಪಕ್ಕ, ದರ್ಗಾ ರಸ್ತೆ. ಆ ಫಿಲೇಚರ್ ಮುಚ್ಚಿ ಹತ್ತು ವರ್ಷವಾಗಿರುತ್ತದೆ, ಡೆಲಿವರಿ ಹುಡುಗ ಪಕ್ಕದ ಊರಿನವನಾಗಿರುತ್ತಾನೆ. ಅವನು ಮೂರು ಗಲ್ಲಿ ಸುತ್ತಿ, ನಾಲ್ಕು ಸಲ ಫೋನ್ ಮಾಡಿ, ನಾವು ಒಮ್ಮೆಯೂ ಎತ್ತದೆ, ಕೊನೆಗೆ ಬಂದಾಗ ತಡವಾಯಿತೆಂದು ಒಂದು ನಕ್ಷತ್ರ ಒತ್ತಿ ಕಳುಹಿಸುತ್ತೇವೆ. ಸುತ್ತಾಡಿದ ಪೆಟ್ರೋಲು ಅವನ ಜೇಬಿನದು. ಡೆಲಿವರಿ ಬರುವ ಹೊತ್ತಿಗೆ ಫೋನ್ ಕೈಯಲ್ಲಿರಲಿ. ಒಂದು ಭಾನುವಾರ ಪೇಂಟ್ ತಂದು ಮನೆಯ ನಂಬರನ್ನು ಗೇಟಿನ ಮೇಲೆ ದೊಡ್ಡದಾಗಿ, ರಸ್ತೆಯಿಂದಲೇ ಕಾಣುವಂತೆ ಬರೆಸಿ.